ಸೀಸದ ಬಾಯಿಗೆ ಹೊಳೆಯ ನೀರು

ಮೊನ್ನೆ ನಮ್ಮ ಬೀದಿಯನ್ನು ಅಗೆದರು. ಹುಣಸೂರಿನಲ್ಲಿ ಬೀದಿ ಅಗೆಯುವುದು ದೊಡ್ಡ ಸುದ್ದಿಯಲ್ಲ, ಅಗೆದದ್ದನ್ನು ಹೊತ್ತಿಗೆ ಸರಿಯಾಗಿ ಮುಚ್ಚಿದರೆ ಅದು ಸುದ್ದಿ. ಹಳೆಯ ಬೀಡುಕಬ್ಬಿಣದ ಪೈಪುಗಳನ್ನು ಕಿತ್ತು ಪ್ಲಾಸ್ಟಿಕ್ ಪೈಪು ಹಾಕುತ್ತಾರಂತೆ. ನಾನು ಜಗಲಿಗೆ ಕುರ್ಚಿ ಹಾಕಿಸಿಕೊಂಡು ಕೂತೆ. ಈ ವಯಸ್ಸಿನಲ್ಲಿ ಇನ್ನೇನು ದರ್ಬಾರು ನಡೆಸಬೇಕಿದೆ ನಾನು? ಯಂತ್ರದ ಹಲ್ಲಿಗೆ ಸಿಕ್ಕಿ ಹಳೆಯ ಪೈಪುಗಳು ಒಂದೊಂದಾಗಿ ಕೀಲು ಕಳಚಿಕೊಂಡು ಮೇಲೆ ಬರುತ್ತಿದ್ದವು. ನಮ್ಮ ಮನೆಯ ಮುಂದಿನ ಕೀಲು ಮಾತ್ರ ಬಿಡಲಿಲ್ಲ. ಎಳೆದರು, ಸುತ್ತಿಗೆಯಲ್ಲಿ ಬಡಿದರು, ಹಾರೆ ಹಾಕಿ ಮೀಟಿದರು. ಊಹೂಂ.

ಕೆಲಸದವರ ಪೈಕಿ ತಲೆಗೆ ಟವೆಲ್ ಸುತ್ತಿದ್ದ ಒಬ್ಬಾತ ಗುಂಡಿಯಿಂದಲೇ ಕತ್ತೆತ್ತಿ, "ಇದ್ಯಾವ ಪುಣ್ಯಾತ್ಮ ಕಣಜ್ಜಿ ಜೋಡಿಸ್ದೋನು? ಪ್ರಾಣ ತಿಂತಾ ಅದಲ್ಲ!" ಎಂದ. ನಾನು ನಕ್ಕೆ. ಕೊನೆಗೆ ಅವರು ಗ್ಯಾಸಿನ ಬೆಂಕಿ ತಂದು ಕತ್ತರಿಸಲು ಹೊರಟರು. ಆಗ ಬಂತು ನೋಡಿ ಆ ವಾಸನೆ... ಕಾದ ಸೀಸದ್ದು, ಜೊತೆಗೆ ಎಣ್ಣೆಯಲ್ಲಿ ನೆನೆದ ಸೆಣಬು ಸುಟ್ಟ ಕಮಟು. ಅಷ್ಟು ವರ್ಷ ಮಣ್ಣಿನೊಳಗಿದ್ದೂ ಆ ಸೆಣಬಿನಲ್ಲಿ ಎಣ್ಣೆ ಉಳಿದಿತ್ತಲ್ಲ! ನನಗೆ ಎದೆ ಧಸಕ್ಕೆಂದಿತು. ಆಮೇಲೆ ನಿಧಾನವಾಗಿ, ಏನೂ ಆಗಲಿಲ್ಲವಲ್ಲ ಸದ್ಯ, ಎಂಬ ಹಳೆಯ ಸಮಾಧಾನವೂ ಬಂತು. ಆ ವಾಸನೆಯ ಜೊತೆಗೆ ಈ ಎರಡೂ ನನಗೆ ಯಾವಾಗಲೂ ಒಟ್ಟೊಟ್ಟಿಗೇ ಬರುತ್ತವೆ.

ಅವರನ್ನು ನಾವು ಸೀಸದ ಮೇಸ್ತ್ರಿ ಎನ್ನುತ್ತಿದ್ದೆವು.

ಐವತ್ತರ ದಶಕದ ಮಾತು. ನಾನು ಹನಗೋಡಿನಿಂದ ಈ ಮನೆಗೆ ಸೊಸೆಯಾಗಿ ಬಂದಿದ್ದೆ. ಲಕ್ಷ್ಮಣತೀರ್ಥದ ದಡದಲ್ಲಿ ಹುಟ್ಟಿ, ಮದುವೆಯಾಗಿ ಮತ್ತೆ ಲಕ್ಷ್ಮಣತೀರ್ಥದ ದಡಕ್ಕೇ ಬಂದವಳು. ಬೀದಿಯಲ್ಲೊಂದು ಬಾವಿಯಿತ್ತು, ಅದರ ನೀರು ಉಪ್ಪು. ಪಾತ್ರೆ ತೊಳೆಯಲು ಆಗುತ್ತಿತ್ತು, ಬಾಯಿಗೆ ಆಗುತ್ತಿರಲಿಲ್ಲ. ಕುಡಿಯುವ ನೀರಿಗೆ ಹೊಳೆಗೇ ಇಳಿಯಬೇಕು, ತುಂಬಿದ ಕೊಡ ಹೊತ್ತು ದಿಬ್ಬ ಹತ್ತಬೇಕು. ಬಂದ ಮರುವರ್ಷ ಮಳೆಗಾಲದಲ್ಲಿ ನಾನು ಆ ದಿಬ್ಬದಲ್ಲಿ ಕೊಡದ ಸಮೇತ ಜಾರಿ ಬಿದ್ದೆ. ಕೊಡ ಒಡೆಯಿತು. ಹೊಟ್ಟೆಯಲ್ಲಿದ್ದದ್ದೂ ಉಳಿಯಲಿಲ್ಲ... ಅದನ್ನು ಹೆಚ್ಚು ಬರೆಯಲಾರೆ.

ನಮ್ಮತ್ತೆ ಬಾಯಿ ಜೋರಿನವರು. ಮಾವ ಸತ್ತ ಮೇಲೆ ಒಬ್ಬರೇ ಮನೆ ನಡೆಸಿದವರು. ನನ್ನ ಗಂಡ ಹೊಗೆಸೊಪ್ಪಿನ ಮಂಡಿಯಲ್ಲಿ ದುಡಿಯುತ್ತಿದ್ದರೂ ಯಜಮಾನಿಕೆ ಅತ್ತೆಯದೇ. ನಾನು ಬಿದ್ದು ಎದ್ದ ಮೇಲೆ ಬೈಗುಳ ತಿನ್ನಬೇಕೆಂದು ಹೆದರಿಕೊಂಡಿದ್ದೆ. ಅವರು ಬೈಯಲಿಲ್ಲ. ಸಂತೆಯಿಂದ ಹೊಸ ಕೊಡ ತಂದು, "ಇನ್ಮ್ಯಾಕೆ ನೀ ಕೊಡ ಮುಟ್ಬ್ಯಾಡ ಕಣವ್ವ. ಮುಟ್ಟಿದ್ಯೋ, ನೋಡು ಮತ್ತೆ!" ಎಂದು ಬೆರಳು ಆಡಿಸಿದರು. ಅಂದಿನಿಂದ ತಾವೇ ಹೊಳೆಗೆ ಹೋದರು. ತಲೆ ನೆರೆತ ಹೆಂಗಸು ಕೊಡ ಹೊತ್ತು ದಿಬ್ಬ ಹತ್ತುತ್ತಿದ್ದರೆ, ಎಳೆಯ ಸೊಸೆ ನಾನು ಬಾಗಿಲಲ್ಲಿ ನಿಂತು ನೋಡಬೇಕಿತ್ತು. ಬೀದಿಯವರು ನನ್ನನ್ನು ಸೋಮಾರಿ ಎಂದರು, ಅವರನ್ನು ಪಾಪ ಎಂದರು. ಅತ್ತೆಗೆ ಎರಡೂ ನಾಟಲಿಲ್ಲ.

ಹಾಗಾಗಿ ಊರಿಗೆ ನಲ್ಲಿ ಬರುತ್ತದೆ ಎಂಬ ಸುದ್ದಿಗೆ ಅತ್ತೆಯಷ್ಟು ಕುಣಿದವರು ಯಾರೂ ಇರಲಿಲ್ಲ. ನಾನು ಮತ್ತೆ ಬಸುರಿಯಾಗಿದ್ದೆ. ಹೊಳೆಯ ನೀರನ್ನು ದಿಬ್ಬದ ಮೇಲಿನ ತೊಟ್ಟಿಗೆ ಏರಿಸಿ, ಅಲ್ಲಿಂದ ಪೈಪಿನಲ್ಲಿ ಬೀದಿ ಬೀದಿಗೆ ಬಿಡುವುದು ಏರ್ಪಾಟು. ಕೆ.ಆರ್. ನಗರದ ರೈಲು ಸ್ಟೇಷನ್ನಿನಿಂದ ಎತ್ತಿನ ಗಾಡಿಗಳಲ್ಲಿ ಪೈಪುಗಳು ಬಂದವು. ಒಂದೊಂದು ಪೈಪಿಗೂ ಗಾಡಿಯ ಅಚ್ಚು ಕಿರೋ ಎನ್ನುತ್ತಿತ್ತು. ಕೊನೆಯ ಗಾಡಿಯ ಮೂಕಿಯ ಮೇಲೆ, ಗಾಡಿ ಹೊಡೆಯುವವನಿಗೆ ಪಕ್ಕದಲ್ಲಿ ಜಾಗವಿಲ್ಲದ ಹಾಗೆ ಕೂತು, ಎಡೆಬಿಡದೆ ಮಾತಾಡುತ್ತ ಬಂದರು ನಮ್ಮ ಸೀಸದ ಮೇಸ್ತ್ರಿ.

ಮೇಸ್ತ್ರಿ ಹೆಗ್ಗಡದೇವನಕೋಟೆಯ ಕಾಡು ದಾಟಿದರೆ ಸಿಗುವ ಮಾನಂದವಾಡಿಯ ಕಡೆಯವರು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಪ್ರತಿ ಮಾತಿನ ಬಾಲಕ್ಕೂ ಅವರ ಊರಿನ "ಅಲ್ಲೇ?" ಬಂದು ಸೇರಿಕೊಳ್ಳುತ್ತಿತ್ತು, ಹೌದು ತಾನೆ, ಎಂದು ಅದರ ಅರ್ಥ. ಮೀಸೆಗೆ ಕೊಬ್ಬರಿ ಎಣ್ಣೆ ಹಚ್ಚಿ ತೀಡುತ್ತಿದ್ದರು. ಜಂಬವೆಂದರೆ ಜಂಬ! ಅವರು ಜೋಡಿಸಿದ ಪೈಪು ಸೋರಿದ್ದೇ ಇಲ್ಲವಂತೆ. ಕೆ.ಆರ್. ನಗರದಲ್ಲಿ ಅವರ ಕೀಲಿನ ಮೇಲೆ ಆನೆ ನಡೆದು ಹೋದರೂ ಏನೂ ಆಗಲಿಲ್ಲವಂತೆ. "ಕೆ.ಆರ್. ನಗರದಾಗೆ ಆನೆ ಎಲ್ಲಿಂದ ಬಂತಪ್ಪ?" ಎಂದು ಅತ್ತೆ ಕೇಳಿದರೆ, "ಬಂದ್ರೂ ಏನೂ ಆಗ್ತಿರಲಿಲ್ಲ, ಅಲ್ಲೇ?" ಎಂದು ಮೀಸೆ ತೀಡಿದರು. ಅಂದಿನಿಂದ ಅವರಿಬ್ಬರಿಗೂ ಜಟಾಪಟಿ, ಅಂದಿನಿಂದಲೇ ಸ್ನೇಹ.

ಕೆಲಸ ನೋಡುವುದೇ ಒಂದು ಸಂಭ್ರಮ. ಬೀದಿಯುದ್ದಕ್ಕೂ ಆಳದ ಚರಂಡಿಯ ಹಾಗೆ ಅಗೆದರು. ಅದರ ಮೇಲೆ ಮೂರು ಬಿದಿರ ಗಳು ನಿಲ್ಲಿಸಿ ತುದಿ ಕಟ್ಟಿ, ರಾಟೆ ಸರಪಳಿ ಬಿಗಿದು, ಒಂದೊಂದೇ ಪೈಪನ್ನು ಎತ್ತಿ ಇಳಿಸುತ್ತಿದ್ದರು. ಇಳಿಸುವ ಮುಂಚೆ ಪೈಪು ಗಾಳಿಯಲ್ಲಿ ತೂಗುತ್ತಿರುವಾಗ ಮೇಸ್ತ್ರಿ ಅದಕ್ಕೆ ಸಣ್ಣ ಸುತ್ತಿಗೆಯಲ್ಲಿ ಒಂದು ಏಟು ಹಾಕುತ್ತಿದ್ದರು. ಗಂಟೆಯ ಹಾಗೆ ಠಣ್ಣೆಂದರೆ ಒಳ್ಳೆಯದು. ಠಪ್ಪೆಂದರೆ ಎಲ್ಲೋ ಬಿರುಕು, ಪಕ್ಕಕ್ಕೆ ಹಾಕು. ಇದನ್ನು ಕಂಡು ಅತ್ತೆಗೆ ಖುಷಿಯೋ ಖುಷಿ.

"ಅಯ್, ನಾವು ಸಂತೇಲಿ ಗಡಿಗೆ ತಟ್ಟಿ ನೋಡ್ತೀವಲ್ಲ, ಅಂಗೇ ಕಣೇ ಇದು!" ಎಂದರು.

"ಗಡಿಗೆನೇ ಅಮ್ಮಾ. ಉದ್ದ ಗಡಿಗೆ, ಅಲ್ಲೇ?" ಎಂದು ಮೇಸ್ತ್ರಿ ನಕ್ಕರು. ತಮಾಷೆಗೆ ಆಡಿದ ಮಾತು. ಅತ್ತೆ ಅದನ್ನು ತಮಾಷೆಯೆಂದು ತಿಳಿಯಲಿಲ್ಲ, ಅಷ್ಟೇ.

ಪ್ರತಿ ಪೈಪಿಗೂ ಒಂದು ತುದಿ ಅಗಲ, ಒಂದು ತುದಿ ಸಾದಾ. ಅಗಲದ್ದನ್ನು ಬಾಯಿ, ಸಾದಾದ್ದನ್ನು ಬಾಲ ಎನ್ನುತ್ತಿದ್ದರು. ಒಂದರ ಬಾಯಿಗೆ ಇನ್ನೊಂದರ ಬಾಲ ಕೂರಿಸಿ, ಸಂದಿಗೆ ಎಣ್ಣೆಯ ಸೆಣಬಿನ ಹುರಿ ತುರುಕಿ ಉಳಿಯಿಂದ ಬಡಿಯುವುದು. ಆಮೇಲೆ ಕೀಲಿನ ಸುತ್ತ ಜೇಡಿಮಣ್ಣಿನ ಪಟ್ಟಿ ಬಳಸಿ, ನೆತ್ತಿಯಲ್ಲಿ ಒಂದು ಸಣ್ಣ ಕಂಡಿ ಬಿಡುವುದು. ಇದ್ದಲ ಒಲೆಯ ಮೇಲೆ ಕಬ್ಬಿಣದ ಕುಂಡದಲ್ಲಿ ಸೀಸ ಕರಗುತ್ತಿರುತ್ತಿತ್ತು. ಅದನ್ನು ಉದ್ದ ಹಿಡಿಯ ಸೌಟಿನಲ್ಲಿ ತಂದು ಆ ಕಂಡಿಯಲ್ಲಿ ಒಂದೇ ಸಮನೆ ಹುಯ್ಯಬೇಕು. ನಡುವೆ ನಿಲ್ಲಿಸಿದರೆ ಕೀಲು ಕೆಟ್ಟಂತೆ. ಎಲ್ಲಕ್ಕಿಂತ ಹೆಚ್ಚಾಗಿ ಒಳಗೆ ಹನಿ ನೀರೂ ಇರಬಾರದು. ಕಾದ ಸೀಸ ನೀರಿಗೆ ತಾಗಿದರೆ ಸಿಡಿಯುತ್ತದೆ. ಅದಕ್ಕೇ ಮೇಸ್ತ್ರಿ ಹುರಿ ಬಡಿಯುವ ಮುಂಚೆ ಒಣಬಟ್ಟೆಯಿಂದ ಒರೆಸಿ, ಎಣ್ಣೆಯ ಪಂಜು ಆಡಿಸಿ, ಬೆರಳಿಟ್ಟು ನೋಡುತ್ತಿದ್ದರು. ಸೀಸ ಹುಯ್ಯುವಾಗ ಮಾತ್ರ ಅವರ ಬಾಯಿ ಮುಚ್ಚಿರುತ್ತಿತ್ತು. "ಈ ಒಂದು ಗಳಿಗೆ ಮಾತಾಡಿದ್ರೆ ಮೇಸ್ತ್ರಿ ಅಲ್ಲ" ಎಂಬುದು ಅವರೇ ಹಾಕಿಕೊಂಡ ಕಟ್ಟಳೆ.

ಅವರ ಇನ್ನೊಂದು ಜಂಬ ಕಣ್ಣಿನದು. ಪೈಪಿನ ಸಾಲು ನೇರವಾಗಿದೆಯೇ ಎಂದು ನೋಡಲು ಮರದ ಹಲಗೆಗಳನ್ನು ನೆಟ್ಟು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ದಿಟ್ಟಿಸುತ್ತಿದ್ದರು. "ರಸಮಟ್ಟದ ಗುಳ್ಳೆ ಸುಳ್ಳು ಹೇಳಬಹುದು, ಈ ಕಣ್ಣು ಹೇಳಲ್ಲ. ಇದೇ ನನ್ನ ಅನ್ನ" ಎನ್ನುತ್ತಿದ್ದರು.

ನಮ್ಮ ಮನೆಯ ಮುಂದಿನ ಕೀಲಿನ ಸರದಿ ಬಂತು. ಅಂದು ಬೀದಿಯ ಮುತ್ತೈದೆಯರು ಗಂಗೆ ಪೂಜೆ ಮಾಡಲೇಬೇಕೆಂದು ಹಟ ಹಿಡಿದರು. ಮೇಸ್ತ್ರಿ ಒಪ್ಪಿದರು. ಆದರೆ ಹುರಿ ತುರುಕಿದ ಕೀಲಿನ ಹತ್ತಿರ ಬರಬೇಡಿ ಎಂದು, ರಾಟೆಯ ಸರಪಳಿಗೆ ತೂಗುಹಾಕಿದ್ದ ಇನ್ನೊಂದು ಪೈಪನ್ನು ತೋರಿಸಿದರು. ನಾವು ಅದಕ್ಕೇ ಅರಿಶಿನ ಕುಂಕುಮ ಹಚ್ಚಿ, ಹೂ ಸುತ್ತಿ, ಕಾಯಿ ಒಡೆದೆವು. ಬಸುರಿ ಹೆಂಗಸೆಂದು ನನ್ನ ಕೈಯಲ್ಲೇ ಆರತಿ ಮಾಡಿಸಿದರು. ಅತ್ತೆ ಜಗಲಿಯ ಮೇಲೆ ನಿಂತಿದ್ದರು. ಗಂಡನಿಲ್ಲದವರನ್ನು ಪೂಜೆಯ ಸಾಲಿಗೆ ಯಾರು ಕರೆಯುತ್ತಾರೆ? ಇಷ್ಟಕ್ಕೂ ಆ ಬೀದಿಯಲ್ಲಿ ಆ ನೀರಿಗಾಗಿ ಅವರಷ್ಟು ಕಾದವರು ಇರಲಿಲ್ಲ. ನನಗೆ ಅಂದು ಹೊಟ್ಟೆ ಉರಿಯಿತು, ಇಂದೂ ಉರಿಯುತ್ತದೆ. ಅವರ ಕೈಯಲ್ಲಿ ಒಂದು ಚೊಂಬಿತ್ತು. ಬೆಳಗ್ಗೆಯೇ ಹೊಳೆಗೆ ಹೋಗಿ ತುಂಬಿಕೊಂಡು ಬಂದಿದ್ದರು. ಅದನ್ನು ಯಾರೂ ಕೇಳಲಿಲ್ಲ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ತಿಳಿದಿರಬೇಕು. ಹೊಸ ಗಡಿಗೆಯನ್ನು ನಾವು ಬರಿದಾಗಿ ಒಲೆಗೆ ಇಡುವುದಿಲ್ಲ. ಬೆಂಕಿ ಕಾಣುವ ಮುಂಚೆ ಅದರ ಬಾಯಿಗೆ ಒಂದು ಬೊಗಸೆ ನೀರು ಬೀಳಲೇಬೇಕು. ಒಣಬಾಯಿಗೆ ಬೆಂಕಿ ತೋರಿಸಿದರೆ ಆ ಗಡಿಗೆ ಮನೆಗೆ ಆಗಿಬರುವುದಿಲ್ಲ ಎಂದು ನಂಬಿಕೆ. ನಮ್ಮ ಮನೆಯಲ್ಲಿ ಆ ಬೊಗಸೆ ಯಾವಾಗಲೂ ಅತ್ತೆಯದು. ಅದಕ್ಕೆ ಮುತ್ತೈದೆಯೇ ಆಗಬೇಕೆಂದು ಯಾರೂ ಕಟ್ಟು ಮಾಡಿರಲಿಲ್ಲ.

ಪೂಜೆ ಮುಗಿಯಿತು. ನಾವು ಆಚೆ ಬದಿಯಲ್ಲಿ ಕೆಲಸದವರಿಗೆ ಬಾಳೆಹಣ್ಣು ಹಂಚುತ್ತಿದ್ದೆವು. ಮೇಸ್ತ್ರಿ ಕೀಲನ್ನು ಕೊನೆಯ ಸಲ ನೋಡಿ ಸೀಸ ತರಲು ಒಲೆಯ ಕಡೆಗೆ ಹೋದರು. ಅತ್ತೆ ಜಗಲಿಯಿಂದ ಇಳಿದು ಬಂದು ನೋಡುತ್ತಾರೆ, ಜೇಡಿಮಣ್ಣಿನ ನಡುವೆ ಸಣ್ಣ ಬಾಯಿ, ಒಣಗಿ ಆಕಳಿಸುತ್ತಿದೆ. ಅತ್ತ ಕಡೆಯಿಂದ ಅದಕ್ಕೆ ಹುಯ್ಯಲು ಬೆಂಕಿಯಂಥ ಸೀಸ ಬರುತ್ತಿದೆ. ಗಡಿಗೆ ಎಂದು ಮೇಸ್ತ್ರಿಯೇ ಹೇಳಿದ್ದಾರೆ. ಮುತ್ತೈದೆಯರು ಪೂಜೆ ಮಾಡಿದ್ದೋ ಬೇರೆ ಪೈಪಿಗೆ. ಈ ಬಾಯಿಯನ್ನು ಎಲ್ಲರೂ ಮರೆತಿದ್ದಾರೆ! ಅತ್ತೆ ಗುಂಡಿಗೆ ಇಳಿದು, ಚೊಂಬಿನ ನೀರನ್ನು ಆ ಕಂಡಿಗೆ ಹುಯ್ದು, ಸೆರಗಿನಿಂದ ಜೇಡಿಮಣ್ಣಿನ ಮೇಲೆ ಚೆಲ್ಲಿದ್ದನ್ನು ಒರೆಸಿ ಮೇಲೆ ಹತ್ತಿ ನಿಂತರು. ಇದನ್ನೆಲ್ಲ ಆಮೇಲೆ ಅವರೇ ಹೇಳಿದ್ದು.

ಮೇಸ್ತ್ರಿ ಸೌಟು ಹಿಡಿದು ಬಂದರು, ಇಳಿದರು, ಬಾಗಿದರು. ಅವರ ಬಾಯಿ ಮುಚ್ಚಿತ್ತು. ಕೈ ಓರೆಯಾಗುತ್ತಿತ್ತು. ಆಗ ಮೇಲಿನಿಂದ ಅತ್ತೆ ಹೆಮ್ಮೆಯಿಂದ ಕೂಗಿದರು:

"ಈಗ ಉಯ್ಯಪ್ಪ! ಒಣಬಾಯಿ ಅಲ್ಲ ಅದು!"

"ಏನಮ್ಮಾ?" ಎಂದು ಮೇಸ್ತ್ರಿ ಮುಖ ಹೊರಳಿಸಿದರು. ಅಷ್ಟರಲ್ಲಿ ಸೀಸ ಕಂಡಿಗೆ ಬಿದ್ದಿತ್ತು.

ಪಟಾಕಿಯ ಹಾಗೆ ಢಬ್ಬೆಂದಿತು. ಬಿಳಿ ಹಬೆ, ಅದರೊಳಗಿಂದ ಬೆಳ್ಳಿಯ ಹನಿಗಳು... ಸೌಟು ಬಿತ್ತು, ಮೇಸ್ತ್ರಿ ಮುಖ ಮುಚ್ಚಿಕೊಂಡು ಕುಸಿದರು. "ಎಂಡೆ ಅಮ್ಮೇ! ಕಣ್ಣು! ಕಣ್ಣು!" ಎಂದು ತಮ್ಮ ಭಾಷೆಯಲ್ಲಿ ಅವ್ವನನ್ನು ಕರೆದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಅವರ ಕೆಲಸದವರು ಎತ್ತಿ ಮೇಲೆ ತಂದರು. ಕೆನ್ನೆಗೆ, ಹಣೆಗೆ, ರೆಪ್ಪೆಗೆ ಸೀಸದ ಚುಕ್ಕೆಗಳು ಅಂಟಿಕೊಂಡಿದ್ದವು. ಹೇಗಾಯಿತು, ಯಾರು ನೀರು ಹಾಕಿದರು ಎಂದು ಗದ್ದಲ ಎದ್ದಿತು. ಅತ್ತೆ ಖಾಲಿ ಚೊಂಬು ಹಿಡಿದು ನಡುವೆ ಬಂದು ನಿಂತರು.

"ನಾನೇ ಕಣ್ರಪ್ಪ. ನಾನೇ ನೀರುಯ್ದೆ."

ಬೀದಿಯ ಬಾಯಿ ಸುಮ್ಮನಿರುತ್ತದೆಯೇ? ಪೂಜೆಯ ದಿನ ಆ ಕೈ ಯಾಕೆ ಮುಂದೆ ಬರಬೇಕಿತ್ತು ಎಂದರು. ಇನ್ನೂ ಏನೇನೋ ಅಂದರು, ಬೇಡ ಬಿಡಿ. ಯಾರಿಗೂ ಎದುರು ಮಾತಾಡದೆ ಬಿಡದ ನಮ್ಮತ್ತೆ ಅಂದು ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡರು.

ಆಸ್ಪತ್ರೆಯ ಡಾಕ್ಟರು ಸೀಸದ ಚುಕ್ಕೆಗಳನ್ನು ಬಿಡಿಸಿ, ಎಣ್ಣೆ ಬಿಟ್ಟು, ಎರಡು ಕಣ್ಣಿಗೂ ಪಟ್ಟಿ ಕಟ್ಟಿದರು. ರೆಪ್ಪೆ ಸುಟ್ಟಿದೆ, ಊತ ಇಳಿದು ಪಟ್ಟಿ ಬಿಚ್ಚುವ ತನಕ ಒಳಗೆ ಏನಾಗಿದೆಯೋ ಹೇಳಲಾರೆ ಎಂದರು. ಮೇಸ್ತ್ರಿಯ ವಾಸ ಹೊಳೆಯ ಬದಿಯ ಗುಡಾರದಲ್ಲಿತ್ತು. ಅಲ್ಲಿಗೆ ಹೊತ್ತುಕೊಂಡು ಹೊರಟವರನ್ನು ಅತ್ತೆ ತಡೆದರು. "ನಮ್ಮನೆಗೆ ತನ್ನಿ" ಎಂದರು. ಯಾವ ಊರೋ ಯಾವ ಜನವೋ ಎಂದು ಯಾರೋ ಗೊಣಗಿದ್ದಕ್ಕೆ ಅವರು ತಿರುಗಿಯೂ ನೋಡಲಿಲ್ಲ. ನಡುಮನೆಯಲ್ಲಿ, ನಮ್ಮ ಮಾವ ಮಲಗುತ್ತಿದ್ದ ಮಂಚದ ಮೇಲೆ ಮಲಗಿಸಿದರು. ಅವತ್ತೇ ಅತ್ತೆ ಉಪ್ಪು ಬಿಟ್ಟರು. "ಅವ್ನಿಗೆ ಕಣ್ ಕಾಣೋಗಂಟ ಉಪ್ ಮುಟ್ಟಾಕಿಲ್ಲ" ಎಂದು ದೇವರ ಮುಂದೆ ಹೇಳಿಕೊಂಡರು.

ಅವರ ಹೆದರಿಕೆ ಅಷ್ಟಕ್ಕೇ ನಿಂತಿರಲಿಲ್ಲ. ಒಂದು ಮಧ್ಯಾಹ್ನ ರಾಗಿ ಬೀಸುತ್ತಿದ್ದವರು ಕಲ್ಲು ನಿಲ್ಲಿಸಿ ನನ್ನ ಹೊಟ್ಟೆಯನ್ನೇ ನೋಡಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. "ಒಬ್ಬನ ಕಣ್ಣು ಕಿತ್ಕಂಡೆ ಕಣವ್ವ. ಈ ಪಾಪ ಹುಟ್ಟೋ ಕೂಸಿನ ಕಣ್ಗೆ ತಟ್ಬುಟ್ರೆ ಏನ್ ಮಾಡ್ಲಿ?" ಎಂದರು. ಹಾಗೆಲ್ಲ ಆಗುವುದಿಲ್ಲ ಎಂದೆ. ಬಾಯಲ್ಲಿ ಅಂದೆ, ಅಷ್ಟೆ. ನನಗೂ ಭಯ ಹೊಕ್ಕಿತ್ತು. ಕೂತಲ್ಲಿ ನಿಂತಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಆ ಕಣ್ಣು ಉಳಿಯಲಪ್ಪ ಎಂದು ಬೇಡುತ್ತಿದ್ದೆ. ಮೇಸ್ತ್ರಿಗಾಗಿ ಬೇಡುತ್ತಿದ್ದೆನೋ ನನ್ನ ಕೂಸಿಗಾಗಿಯೋ, ಬೇರೆ ಮಾಡಿ ಹೇಳಲಾರೆ.

ಮೇಸ್ತ್ರಿಯೇನು ಸಾಧುವಿನಂತೆ ಮಲಗಿರಲಿಲ್ಲ. ಸಾರಿಗೆ ಖಾರ ಕಡಿಮೆ, ಹಾಸಿಗೆಯಲ್ಲಿ ತಿಗಣೆ, ದಿಂಬು ಗಟ್ಟಿ ಎಂದು ದಿನವಿಡೀ ರೇಗುತ್ತಿದ್ದರು. ಆಚೆ ಅವರ ಕೆಲಸದವರು ಮುಂದಿನ ಪೈಪುಗಳನ್ನು ಇಳಿಸುತ್ತಿದ್ದರು. ಕೀಲು ಬಡಿಯುವ ಸದ್ದು ಕೇಳಿದರೆ ಮಲಗಿದಲ್ಲಿಂದಲೇ, "ಯಾರೋ ಅದು ಬಡೀತಿರೋದು? ಉಳಿ ಮಗ್ಗುಲಾಗಿದೆ!" ಎಂದು ಕಿರಿಚುತ್ತಿದ್ದರು. ಅತ್ತೆಗೆ ಆ ರೇಗಾಟವೇ ಧೈರ್ಯ. ಒಂದು ದಿನ ಮಾತ್ರ ಮೇಸ್ತ್ರಿ ಬೆಳಗಿನಿಂದ ರೇಗಲೇ ಇಲ್ಲ. ಅತ್ತೆ ಗಂಜಿ ಹಿಡಿದು ಹೋದಾಗ ಮೆಲ್ಲಗೆ ಕೇಳಿದರು:

"ಕಣ್ಣಿಲ್ಲದ ಮೇಸ್ತ್ರಿಗೆ ಯಾರು ಕೆಲಸ ಕೊಡ್ತಾರೆ ಅಮ್ಮಾ?"

ಅತ್ತೆ ಹೊದಿಕೆ ಸರಿಮಾಡಿ, "ಏನಾರ ತಿನ್ನಂಗಾಯ್ತದಾ? ಏನ್ ಬೇಕೋ ಕೇಳು, ಮಾಡ್ಕೊಡ್ತೀನಿ" ಎಂದರು. ಮೇಸ್ತ್ರಿ ಸಂಕೋಚದಿಂದ, "ಒಂದು ತುಂಡು ಮೀನು..." ಎಂದರು.

ಶಿವಶಿವಾ! ನಮ್ಮದು ದಿನವೂ ಲಿಂಗಪೂಜೆ ನಡೆಯುವ ಮನೆ. ಈರುಳ್ಳಿ ಹೆಚ್ಚಿದರೂ ಕೈ ತೊಳೆದು ಒಳಗೆ ಬರಬೇಕು. ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟು ಎದ್ದು ಹೊರಟರು. ಹೊಳೆಬದಿಯ ಮೀನು ಹಿಡಿಯುವವರ ಮನೆಗೆ ಹೋಗಿ, ಅಲ್ಲೇ ಸಾರು ಮಾಡಿಸಿ, ಮುಚ್ಚಿದ ಕುಡಿಕೆಯಲ್ಲಿ ತಂದರು. ಮೇಸ್ತ್ರಿಯನ್ನು ಹಿತ್ತಲಿಗೆ ಕೈಹಿಡಿದು ಕರೆದೊಯ್ದು ಕೂರಿಸಿ, ಮೂಗಿಗೆ ಬಿಗಿಯಾಗಿ ಸೆರಗು ಕಟ್ಟಿಕೊಂಡು, ಮುಳ್ಳು ಬಿಡಿಸಿ ಬಿಡಿಸಿ ತಮ್ಮ ಕೈಯಾರೆ ತಿನ್ನಿಸಿದರು. ಆಮೇಲೆ ಸೀಗೆಪುಡಿ ಹಾಕಿ ಕೈ ತಿಕ್ಕಿದರು, ಸ್ನಾನ ಮಾಡಿದರು, ಮತ್ತೆ ಕೈ ತಿಕ್ಕಿದರು. "ಉಪ್ಪು ಜಾಸ್ತಿ ಆಗಿತ್ತು, ಅಲ್ಲೇ?" ಎಂದರಂತೆ ಮೇಸ್ತ್ರಿ. ಅತ್ತೆ ಅದನ್ನು ಬಂದು ನನಗೆ ಹೇಳಿ, ಎಷ್ಟೋ ದಿನಗಳ ಮೇಲೆ ಮೊದಲ ಸಲ ನಕ್ಕರು.

ಪಟ್ಟಿ ಬಿಚ್ಚುವ ದಿನ ಡಾಕ್ಟರು ಮನೆಗೇ ಬಂದರು. ಬೆಳಕು ಬೇಕೆಂದು ಮೇಸ್ತ್ರಿಯನ್ನು ಜಗಲಿಯ ಮೇಲೆ ಕೂರಿಸಿದರು. ಬೀದಿಯೆಲ್ಲ ನೆರೆದಿತ್ತು, ಆಡಿಕೊಂಡವರೂ ಇದ್ದರು. ಅತ್ತೆ ಬಾಗಿಲ ಹಿಂದೆ ನನ್ನ ಕೈ ಹಿಡಿದು ನಿಂತಿದ್ದರು. ಡಾಕ್ಟರು ಸುತ್ತು ಸುತ್ತಾಗಿ ಬಟ್ಟೆ ತೆಗೆದು, ಹತ್ತಿ ಒದ್ದೆ ಮಾಡಿ ರೆಪ್ಪೆಗಳನ್ನು ಬಿಡಿಸಿದರು. "ನಿಧಾನ ಕಣ್ಬಿಡಿ" ಎಂದರು. ಮೇಸ್ತ್ರಿ ಕಣ್ಣು ಬಿಟ್ಟರು. ಬಳಬಳ ನೀರು ಸುರಿಯಿತು. ಮತ್ತೆ ಬಿಟ್ಟರು. ಆಮೇಲೆ, ಅಯ್ಯೋ, ಒಂದು ಕಣ್ಣು ಮುಚ್ಚಿಯೇಬಿಟ್ಟರು.

ಒಂದು ಹೋಯಿತು ಎಂದುಕೊಂಡೆವು ಎಲ್ಲರೂ. ಅತ್ತೆ ನನ್ನ ಕೈ ಬಿಟ್ಟು ಬಾಗಿಲ ಚೌಕಟ್ಟು ಹಿಡಿದರು.

ಮೇಸ್ತ್ರಿ ಮುಚ್ಚಿದ ಕಣ್ಣನ್ನು ಹಾಗೇ ಇಟ್ಟುಕೊಂಡು, ಕತ್ತು ತಗ್ಗಿಸಿ, ತೆರೆದ ಕಣ್ಣಿನಿಂದ ಅಗೆದ ಬೀದಿಯುದ್ದಕ್ಕೂ ದಿಟ್ಟಿಸಿದರು. ನೋಡಿ ನೋಡಿ ಅವರ ಮೀಸೆ ಕುಣಿಯತೊಡಗಿತು.

"ಯಾವನೋ ಅವನು ಆ ಪೈಪು ಇಟ್ಟವನು? ಎತ್ತು ಉಚ್ಚೆ ಹುಯ್ದ ಹಾಗೆ ಸೊಟ್ಟ ಇದೆ! ನಾನು ಸತ್ತೇಹೋದೆ ಅಂದ್ಕೊಂಡ್ರಾ?"

ಕ್ಷಣ ಹೊತ್ತು ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಎದ್ದ ನಗು ಇದೆಯಲ್ಲ, ಆ ಥರದ ನಗು ಈ ಬೀದಿಯಲ್ಲಿ ಮತ್ತೆ ನಾನು ಕೇಳಲಿಲ್ಲ. ಎರಡು ಕಣ್ಣೂ ಇದ್ದವು! ಒಂದನ್ನು ಮುಚ್ಚಿದ್ದು ಮಟ್ಟ ನೋಡಲು! ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅತ್ತೆ ಕಾಣಲಿಲ್ಲ. ಒಳಗೆ ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಉಪ್ಪಿನ ಮಡಕೆಯ ಮುಂದೆ ಕೂತು, ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡು ಅಳುತ್ತಿದ್ದರು.

ಹೊರಗೆ ಬಂದು ಅವರು ಮೇಸ್ತ್ರಿಯ ಮುಂದೆ ಕೈ ಮುಗಿದರು. ಮೇಸ್ತ್ರಿ ಹೌಹಾರಿ ಎದ್ದುನಿಂತರು. "ಏನಮ್ಮಾ ಇದು! ಗಡಿಗೆ ಅಂತ ನಿಮಗೆ ಹೇಳಿದ್ದು ನಾನು. ಇನ್ನೊಂದು ಕೇಳಿ. ನೀವು ಮೇಲಿಂದ ಕೂಗಿದ್ರಲ್ಲ, ಅದಕ್ಕೇ ನಾನು ಮುಖ ತಿರುಗಿಸಿದ್ದು. ನೆಟ್ಟಗೆ ನೋಡ್ತಾ ಇದ್ದಿದ್ರೆ ಎರಡೂ ಹೋಗ್ತಿತ್ತು. ನೀರು ಹುಯ್ದವರೂ ನೀವೇ, ಕಣ್ಣು ಉಳಿಸಿದವರೂ ನೀವೇ. ಲೆಕ್ಕ ಸರಿ ಆಯ್ತು, ಅಲ್ಲೇ?" ಎಂದರು. ಬೀದಿಯವರೆಲ್ಲ ಕೇಳಿಸಿಕೊಳ್ಳಲಿ ಎಂದೇ ಗಟ್ಟಿಯಾಗಿ ಹೇಳಿದರು ಎಂದು ನನ್ನ ಗುಮಾನಿ.

"ಮಾತ್ ಕಲ್ತಿದೀಯ ಬುಡು" ಎಂದು ಅತ್ತೆ ಮೂಗು ಒರೆಸಿಕೊಂಡರು.

ಕಣ್ಣು ಪೂರ್ತಿ ಮಾಯುವ ಮುಂಚೆಯೇ ಮೇಸ್ತ್ರಿ ಗುಂಡಿಗೆ ಇಳಿದರು. ನಮ್ಮ ಮನೆಯ ಮುಂದಿನ ಕೆಟ್ಟ ಕೀಲಿನಿಂದ ಸೀಸವನ್ನೆಲ್ಲ ಕೆತ್ತಿ ತೆಗೆದು, ಒರೆಸಿ, ಪಂಜು ಆಡಿಸಿ, ಹೊಸ ಹುರಿ ಬಡಿದು ಜೇಡಿಮಣ್ಣು ಸುತ್ತಿದರು. ಸೀಸ ಕಾದ ಮೇಲೆ ಕೀಲಿನ ಪಕ್ಕ ಒಬ್ಬ ಆಳನ್ನು ಕಾವಲು ನಿಲ್ಲಿಸಿದರು. ಅದು ಅಂದಿನಿಂದ ಅವರ ಹೊಸ ಕಟ್ಟಳೆ. ಆಮೇಲೆ ಮೇಲಕ್ಕೆ ನೋಡಿ ಅತ್ತೆಯನ್ನು ಕರೆದರು. "ಇಳಿದು ಬನ್ನಿ ಅಮ್ಮಾ. ಸೌಟಿನ ಹಿಡಿ ಹಿಡೀರಿ."

"ನಾನಾ? ಬ್ಯಾಡ ಕಣಪ್ಪ. ಈ ಕೈ ಬ್ಯಾಡ."

"ಈ ಕೈಯೇ ಬೇಕು."

ಅತ್ತೆ ಸುತ್ತ ನೋಡಿದರು. ಅಂದು ಅರಿಶಿನ ಕುಂಕುಮ ಹಚ್ಚಿದ ಮುತ್ತೈದೆಯರೆಲ್ಲ ಅಂಚಿನಲ್ಲಿ ನಿಂತಿದ್ದರು. ಒಬ್ಬೊಬ್ಬರಾಗಿ ಸರಿದು ದಾರಿ ಬಿಟ್ಟರು. ನನ್ನ ಗಂಡ ಕೈ ಕೊಟ್ಟು ಇಳಿಸಿದರು. ಮೇಸ್ತ್ರಿ ಮುಂದೆ, ಅತ್ತೆ ಹಿಂದೆ, ಇಬ್ಬರೂ ಆ ಉದ್ದ ಹಿಡಿಯನ್ನು ಹಿಡಿದು ಹುಯ್ದರು. ಆ ಗಳಿಗೆಯಲ್ಲಿ ಇಬ್ಬರು ಬಾಯಿಬಡುಕರೂ ಸುಮ್ಮನಿದ್ದರು. ಸೀಸ ಒಂದೇ ಸಮನೆ, ತುಪ್ಪದ ಹಾಗೆ, ಒಳಗೆ ಇಳಿಯಿತು. ಜೇಡಿಮಣ್ಣು ಬಿಡಿಸಿದಾಗ ಕೀಲಿನ ಸುತ್ತ ಹೊಸ ಬೆಳ್ಳಿಯ ಬಳೆ ತೊಡಿಸಿದಂತಿತ್ತು. ಬಳೆ ಕಳೆದು ವರ್ಷಗಳಾಗಿದ್ದ ಅತ್ತೆ ಅದನ್ನು ಮುಟ್ಟಿ ಮುಟ್ಟಿ ನೋಡಿದರು.

ಮುಚ್ಚುವ ಮುಂಚೆ ಪೈಪಿಗೆ ಕೈಪಂಪಿನಿಂದ ನೀರು ಒತ್ತಿ ಪರೀಕ್ಷೆ ಮಾಡಿದರು. ಸೊಟ್ಟ ಇಟ್ಟಿದ್ದ ಕಡೆ ಎರಡು ಕೀಲು ಬೆವರಿದವು, ಮೇಸ್ತ್ರಿಯ ಬೈಗುಳ ಊರಾಚೆಗೂ ಕೇಳಿಸಿತು. ನಮ್ಮ ಕೀಲಿಗೆ ಅತ್ತೆ ಒಣ ಸೆರಗು ಒತ್ತಿ ನೋಡಿದರು. ಒಣಗಿಯೇ ಇತ್ತು.

ನಲ್ಲಿಯಲ್ಲಿ ನೀರು ಬಂದ ದಿನ ಬೀದಿಯ ಕೊಡಗಳೆಲ್ಲ ಸಾಲು ನಿಂತಿದ್ದವು. ಮೇಸ್ತ್ರಿ ತಿರುಪು ಬಿಚ್ಚಿ, ಕೆಂಪು ನೀರು ಹರಿದುಹೋಗಿ ತಿಳಿಯಾದ ಮೇಲೆ, ಯಾರ ಕೊಡವನ್ನೂ ಇಡಗೊಡದೆ ಅತ್ತೆಯನ್ನು ಮುಂದೆ ಕರೆದರು. ಮೊದಲ ಬೊಗಸೆ ಅವರಿಗೆ. ಅತ್ತೆ ಬೊಗಸೆ ತುಂಬಿಕೊಂಡರು, ಕುಡಿಯಲಿಲ್ಲ. ಮೇಸ್ತ್ರಿಯ ಕಣ್ಣಿಗೆ ಮೆಲ್ಲಗೆ ಚಿಮುಕಿಸಿದರು. ಎರಡನೆಯದನ್ನು ಕುಡಿದರು. "ಹೆಂಗಿದೆ ಅಮ್ಮಾ?" ಎಂದು ಮೇಸ್ತ್ರಿ ಕೇಳಿದರು. "ಒಳೆ ನೀರೇ ಕಣಪ್ಪ. ದಿಬ್ಬ ಅತ್ಕಂಡು ಅದೇ ಬಂದದೆ" ಎಂದರು ಅತ್ತೆ.

ಕೆಲಸ ಮುಗಿಸಿ ಮೇಸ್ತ್ರಿ ಪಿರಿಯಾಪಟ್ಟಣದ ಕಡೆಗೆ ಹೊರಟರು. ಹೋಗುವಾಗ, "ಕೂಸು ಹುಟ್ಟಿದ್ರೆ ಸುದ್ದಿ ಕಳಿಸಿ" ಎಂದಿದ್ದರು. ಮಗಳು ಹುಟ್ಟಿದಳು. ಅತ್ತೆ ಬಾಣಂತಿಕೋಣೆಯ ಕಿಟಕಿಯ ಹತ್ತಿರ ಅವಳನ್ನು ಎತ್ತಿ ಹಿಡಿದು, ಬೆರಳನ್ನು ಅತ್ತ ಇತ್ತ ಆಡಿಸಿದರು. ಕೆಲವು ದಿನ ಕಳೆದ ಮೇಲೆ ಆ ಪುಟ್ಟ ಕಣ್ಣುಗಳು ಬೆರಳಿನ ಹಿಂದೆ ಹೊರಳಿದವು. ಅತ್ತೆ ಅಂದು ಬೀದಿಗೆಲ್ಲ ಸಕ್ಕರೆ ಹಂಚಿದರು. ಗಾಡಿಯವರ ಹತ್ತಿರ ಮೇಸ್ತ್ರಿಗೂ ಒಂದು ಪೊಟ್ಟಣ ಕಳಿಸಿದರು. ತಲುಪಿತೋ ಗಾಡಿಯವರೇ ತಿಂದರೋ... ಅವರು ಮತ್ತೆ ಈ ಕಡೆ ಬರಲಿಲ್ಲ. ಹೆಗ್ಗಡದೇವನಕೋಟೆಯ ಕಡೆ ಇದ್ದಾರಂತೆ ಎಂದು ಒಮ್ಮೆ ಕೇಳಿದೆವು, ಊರಿಗೆ ಹೋದರಂತೆ ಎಂದು ಒಮ್ಮೆ. ಆಮೇಲೆ ಅದೂ ಇಲ್ಲ. ಅಂದೇ ನನಗಿಂತ ಬಹಳ ದೊಡ್ಡವರು, ಈಗ ಇರಲಾರರು. ಅತ್ತೆ ಹೋಗಿಯೂ ಎಷ್ಟೋ ವರ್ಷವಾಯಿತು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ, ಆ ನಲ್ಲಿಯ ನೀರೇ ಬೇಕು ಎಂದು ಕೇಳಿ ಕುಡಿಯುತ್ತಿದ್ದರು. ಅವರಿಬ್ಬರೂ ಇಲ್ಲದ್ದು ನನಗೆ ಈಗಲೂ ನೋವೇ. ಆದರೆ ಆ ಒಂದು ಬೆಳಗ್ಗೆ ಜಗಲಿಯ ಮೇಲೆ ಕಣ್ಣು ಉಳಿದೇ ಇರದಿದ್ದರೆ ಅತ್ತೆ ಅಷ್ಟು ವರ್ಷ ಹೇಗೆ ಬದುಕುತ್ತಿದ್ದರು ಎಂದು ನೆನೆದಾಗಲೆಲ್ಲ, ಉಳಿಯಿತಲ್ಲ ಸದ್ಯ, ಎಂದು ಉಸಿರು ಬಿಡುತ್ತೇನೆ.

ಮೊನ್ನೆ ಗ್ಯಾಸಿನ ಬೆಂಕಿಗೆ ಕಬ್ಬಿಣ ತುಂಡಾಯಿತು. ಕೀಲು ಹಾಗೇ ಉಳಿದು, ಅತ್ತ ಇತ್ತ ಮೊಳದುದ್ದ ಪೈಪಿನ ಸಮೇತ ಮೇಲೆ ಬಂತು. ಟವೆಲ್ಲಿನವನು ಅದನ್ನು ತಂದು ನನ್ನ ಕಾಲ ಬಳಿ ಇಟ್ಟ. ಸೀಸದ ಬಳೆ ಕಪ್ಪಾಗಿತ್ತು. ಉಗುರಿನಿಂದ ಕೆರೆದರೆ ಒಳಗೆ ಇನ್ನೂ ಬಿಳುಪು.

"ಈಗ್ಲಾದ್ರೂ ಹೇಳಜ್ಜಿ. ಯಾರು ಜೋಡಿಸ್ದೋರು?"

"ನಮ್ಮತ್ತೆ" ಎಂದೆ.

ಅವನು ತಮಾಷೆ ಎಂದುಕೊಂಡು ನಕ್ಕ. ಸಂಜೆಯ ಹೊತ್ತಿಗೆ ಹೊಸ ನಲ್ಲಿಯಲ್ಲಿ ಬುಸುಬುಸು ಎಂದು ಗಾಳಿ ಬಂದು, ಆಮೇಲೆ ನೀರು ಬಂತು. ನಾನು ಎದ್ದು ಹೋಗಿ ಬೊಗಸೆ ಹಿಡಿದೆ. ತುಂಬಿತು. ತುಂಬಿದ ಮೇಲೆ ಯಾರಿಗೆ ಕೊಡಲಿ ಎಂದು ಅತ್ತ ಇತ್ತ ನೋಡಿದೆ... ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ಟವೆಲ್ಲಿನವನು ಮಣ್ಣು ಮೆತ್ತಿದ ಮುಖದಲ್ಲಿ ನಿಂತಿದ್ದ.

"ಬಗ್ಗಪ್ಪ ಇಲ್ಲಿ" ಎಂದೆ. ಯಾಕೆ ಎಂದು ಕೇಳದೆ ಬಗ್ಗಿದ. ಉಳಿದಿದ್ದಷ್ಟನ್ನು ಅವನ ಕಣ್ಣಿಗೆ ಚಿಮುಕಿಸಿದೆ.